ಒಂಟಿ ಸೀನು ಮತ್ತು ಚೀನಾದ ಬಾವಲಿ

ಕುವೆಂಪುನಗರ

ಚೀನಾಕ್ಕೆ ಹೋಗುತ್ತೇನೆ ಎಂದಾಗ ನಮ್ಮತ್ತೆ ಬೇಡವೆನ್ನಲಿಲ್ಲ. ಬಾವಲಿ ಹಿಡಿಯಲು ಹೋಗುತ್ತೇನೆ ಎಂದ ಮೇಲೆ ಮಾತ್ರ ಬಿಡಿಸುತ್ತಿದ್ದ ಸೊಪ್ಪನ್ನು ಮೊರದಲ್ಲಿಟ್ಟು ನನ್ನ ಮುಖ ನೋಡಿದರು. "ನಜರ್‌ಬಾದ್ ಕಡೆ ಮರದ ತುಂಬ ನೇತಾಡ್ತಾವಲ್ಲಮ್ಮ. ಗಾಡೀಲಿ ಹೋಗಿ ನೋಡ್ಕೊಂಡು ಬಂದ್ಬುಡು" ಎಂದರು.

ತಪ್ಪು ಅವರದಲ್ಲ. ನಮ್ಮ ಬೀದಿಯಲ್ಲಿ ಬೇರೆ ಮನೆಯ ಹೆಂಗಸರು ಬ್ಯಾಂಕಿಗೋ ಸ್ಕೂಲಿಗೋ ಹೋಗುತ್ತಾರೆ. ನಾನೊಬ್ಬಳು ಮೊಪೆಡ್ಡಿನ ಹಿಂದೆ ಬಲೆ ಕಟ್ಟಿಕೊಂಡು ಸಂಜೆ ಹೊತ್ತಿಗೆ ಹೊರಡುತ್ತೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ನನ್ನನ್ನು ಹುಡುಗರು ಹಿಂದಿನಿಂದ ಬಾವಲಿ ಮಿಸ್ ಎನ್ನುತ್ತಾರೆ, ಎದುರಿಗೆ ಸರೋಜಾ ಮಿಸ್ ಎನ್ನುತ್ತಾರೆ. ಅಷ್ಟು ಮರ್ಯಾದೆ ಉಳಿದಿದೆ.

ಇದು ಸಾರ್ಸ್ ಕಾಯಿಲೆ ಬಂದು ಹೋದ ಮರುವರ್ಷದ ಮಾತು. ಅದುವರೆಗೆ ಕೊರೊನಾ ವೈರಸ್ ಎಂದರೆ ನಮ್ಮ ಪಠ್ಯಪುಸ್ತಕದಲ್ಲಿ ಒಂದೂವರೆ ಸಾಲು. ಮೈಮೇಲೆ ಕಿರೀಟದಂತೆ ಮುಳ್ಳುಗಳಿವೆ, ಮನುಷ್ಯರಿಗೆ ನೆಗಡಿ ತರುತ್ತದೆ, ಕೋಳಿಗೂ ಕಾಯಿಲೆ ತರುತ್ತದೆ, ಮುಗಿಯಿತು. ಪರೀಕ್ಷೆಗೆ ಯಾರೂ ಅದನ್ನು ಓದುತ್ತಿರಲಿಲ್ಲ. ಆಮೇಲೆ ಅದೇ ಜಾತಿಯ ಒಂದು ವೈರಸ್ ಜನರ ಶ್ವಾಸಕೋಶಕ್ಕೇ ಕೈ ಹಾಕಿ ಅರ್ಧ ಪ್ರಪಂಚದ ವಿಮಾನ ನಿಲ್ಲಿಸಿತು. ಅದು ಚೀನಾದ ಮಾರುಕಟ್ಟೆಗಳಲ್ಲಿ ಮಾರುತ್ತಿದ್ದ ಪುನುಗು ಬೆಕ್ಕಿನಲ್ಲಿ ಸಿಕ್ಕಿತು. ಸಿಕ್ಕಿದ್ದೇ ತಡ, ಪಾಪ, ಆ ಬೆಕ್ಕುಗಳನ್ನು ಹಿಡಿಹಿಡಿದು ಕೊಂದರು. ಆದರೆ ಬೆಕ್ಕಿಗೆ ಎಲ್ಲಿಂದ ಬಂತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಶಿವಬಸಪ್ಪ ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಅಂದರೆ, ಗೊತ್ತಿದೆ ಎಂದು ಅವರು ಹೇಳುತ್ತಿದ್ದರು. ಅವರು ನನಗೆ ಪಾಠ ಹೇಳಿದವರು, ಆಗ ನಮ್ಮ ವಿಭಾಗದ ಮುಖ್ಯಸ್ಥರು. ವಿದ್ಯಾರಣ್ಯಪುರಂನಲ್ಲಿ ಮನೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಜೇಬಿನಲ್ಲಿ ಭೂತಗನ್ನಡಿ. ಬಾವಲಿಗಳು ಹತ್ತಾರು ವೈರಸ್ಸುಗಳನ್ನು ಹೊತ್ತು ತಿರುಗುತ್ತವೆ, ತಮಗೇನೂ ಆಗದೆ ಬೇರೆ ಪ್ರಾಣಿಗಳಿಗೆ ದಾಟಿಸುತ್ತವೆ ಎಂದು ತೊಂಬತ್ತರ ದಶಕದಿಂದಲೂ ಪ್ರತಿ ವಿಚಾರ ಸಂಕಿರಣದಲ್ಲಿ ಎದ್ದು ನಿಂತು ಹೇಳುತ್ತಿದ್ದರು. ಜನ ನಕ್ಕು ಕಾಫಿಗೆ ಹೋಗುತ್ತಿದ್ದರು. ಅವರಿಗೆ ಆ ಬೇಸಿಗೆಯ ಕೊನೆಗೆ ನಿವೃತ್ತಿ. ಅದಕ್ಕೆ ಮೊದಲು ಒಂದು ಸಲ ತಮ್ಮ ಕೈಯಾರೆ ಆ ವೈರಸ್ಸನ್ನು ಬಾವಲಿಯೊಳಗೆ ಕಂಡುಹಿಡಿದು ಎಲ್ಲರ ಬಾಯಿ ಮುಚ್ಚಿಸಬೇಕು ಎಂಬುದು ಅವರ ಆಸೆ.

ಹಾಗಿರುವಾಗ ದಕ್ಷಿಣ ಚೀನಾದಿಂದ ಡಾಕ್ಟರ್ ಲಿನ್ ಎಂಬ ವಿಜ್ಞಾನಿಯೊಬ್ಬರ ಕರೆ ಬಂತು. ಬಲೆಗೆ ಬಿದ್ದ ಬಾವಲಿಯನ್ನು ರೆಕ್ಕೆ ಹರಿಯದಂತೆ ಬಿಡಿಸುವುದು ಹೇಗೆ ಎಂದು ಮೇಷ್ಟ್ರು ಎಂದೋ ಬರೆದಿದ್ದ ಲೇಖನವನ್ನು ಅವರು ಓದಿದ್ದರಂತೆ. ಅವರೂ ಬಾವಲಿಗಳನ್ನೇ ಅನುಮಾನಿಸುತ್ತಿದ್ದರು. ಲಾಳದ ಆಕಾರದ ಮೂಗಿನ ಬಾವಲಿಗಳಿರುವ ಒಂದು ಗುಹೆ ಗೊತ್ತುಮಾಡಿದ್ದರು. ಮರಿ ಹಾಕುವ ಕಾಲ ಶುರುವಾದರೆ ಗುಹೆಗೆ ಯಾರನ್ನೂ ಬಿಡುವುದಿಲ್ಲ, ಅಷ್ಟರೊಳಗೆ ಬನ್ನಿ ಎಂದಿದ್ದರು. ಮೇಷ್ಟ್ರು ಮೊದಲ ಬಾರಿಗೆ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡರು. ಅವರ ಹೆಂಡತಿ ಚಟ್ನಿಪುಡಿ ಕುಟ್ಟಿದರು, ಮೆಣಸು ಜೀರಿಗೆ ಧನಿಯ ಹುರಿದು ಕಷಾಯದ ಪುಡಿ ಮಾಡಿದರು. ಅದು ನಮ್ಮ ಸಾಮಾನಿನಲ್ಲಿ ಬಲೆಗಿಂತ ಹೆಚ್ಚು ತೂಗಿತು.

ಸಿಂಗಪುರ

ವಿಮಾನ ಬದಲಿಸುವ ಕಡೆ ಜ್ವರ ಹಿಡಿಯುವ ಕ್ಯಾಮೆರಾ ಇತ್ತು. ಅದರ ಮುಂದೆ ನಡೆದುಹೋದರೆ ಪಕ್ಕದ ಟಿವಿಯಲ್ಲಿ ನಾವು ಹಳದಿ, ಕೆಂಪು, ನೀಲಿ ಬಣ್ಣದಲ್ಲಿ ಕಾಣುತ್ತೇವೆ. ಜ್ವರವಿದ್ದರೆ ಮುಖವೆಲ್ಲ ಕೆಂಪು. ಎಲ್ಲರೂ ಪೊಲೀಸ್ ಠಾಣೆ ದಾಟುವವರಂತೆ ಬೇಗ ಬೇಗ ದಾಟಿದರು. ಮೇಷ್ಟ್ರು ದಾಟಲಿಲ್ಲ. ಕ್ಯಾಮೆರಾ ಎದುರು ನಿಂತು ಟಿವಿಯಲ್ಲಿ ತಮ್ಮನ್ನು ತಾವೇ ನೋಡಿಕೊಂಡರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು.

"ಮೂಗು ನೀಲಿ ಇದೆ ನೋಡಮ್ಮ, ತಣ್ಣಗಿದೆ. ನಾಯಿಗೂ ಇಂಗೇ ಇರುತ್ತೆ" ಎಂದರು. ಹಿಂದೆ ಸಾಲು ಬೆಳೆಯಿತು. ಕಾವಲಿನವನು ಬಂದು ಮುಂದೆ ನಡೆಯಿರಿ ಎಂದು ಸನ್ನೆ ಮಾಡಿದ. ಮುಂದೆ ಹೋದವರು ಏನೋ ನೆನಪಾದಂತೆ ವಾಪಸು ಬಂದು, ಕಿವಿ ಯಾವ ಬಣ್ಣ ಎಂದು ಇನ್ನೊಂದು ಸಲ ನೋಡಿಕೊಂಡು ಬಂದರು. ಕಿವಿಯೂ ನೀಲಿಯಂತೆ. ಆ ಕಾವಲಿನವನ ಮುಖ ಮಾತ್ರ ಕ್ಯಾಮೆರಾ ಇಲ್ಲದೆಯೇ ಕೆಂಪಾಗಿ ಕಾಣುತ್ತಿತ್ತು.

ಗುಯಿಲಿನ್ ಕಡೆಯ ಒಂದು ಊರು

ಡಾಕ್ಟರ್ ಲಿನ್ ನನ್ನ ವಯಸ್ಸಿನ ಹೆಂಗಸು. ಕುಳ್ಳಗೆ, ಚುರುಕಾಗಿ, ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದರು. ಅವರ ಜೊತೆ ಜೀಪು ಓಡಿಸುವ ವು ಎಂಬ ಗಂಭೀರ ಮನುಷ್ಯ. ಅವನಿಗೆ ಇಂಗ್ಲಿಷ್ ಬಾರದು, ಮೇಷ್ಟ್ರಿಗೆ ಚೀನೀ ಬಾರದು. ಆದರೂ ದಾರಿಯುದ್ದಕ್ಕೂ ಮೇಷ್ಟ್ರು ಕನ್ನಡದಲ್ಲಿ ಅವನಿಗೆ ಊರಿನ ವಿಷಯ ಹೇಳಿದರು, ಅವನು ತಲೆಯಾಡಿಸಿದ.

ಆ ಸೀಮೆಯ ಬೆಟ್ಟಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬಯಲಿನಲ್ಲಿ ಒಂಟೊಂಟಿಯಾಗಿ ಎದ್ದಿವೆ. ನಮ್ಮ ಚಾಮುಂಡಿಬೆಟ್ಟವನ್ನು ತುಂಡು ಮಾಡಿ ದೂರ ದೂರ ಇಟ್ಟಂತೆ. ಒಂದೊಂದರ ಹೊಟ್ಟೆಯಲ್ಲೂ ಗುಹೆ. ಮೇಷ್ಟ್ರು ಪ್ರತಿ ಬೆಟ್ಟಕ್ಕೂ ಇದೇನಾ, ಇದೇನಾ ಎಂದು ಕೇಳುತ್ತಾ ಬಂದರು.

ಊಟದ ಕಷ್ಟ ಮಾತ್ರ ಹೇಳತೀರದು. ಮೇಷ್ಟ್ರು ಮಾಂಸ ಮುಟ್ಟುವುದಿಲ್ಲ. ಅದನ್ನು ಮೊದಲೇ ತಿಳಿಸಿದ್ದೆವು. ಹುರುಳಿಕಾಯಿ ಪಲ್ಯ ಬಂತು, ನೋಡಿದರೆ ಮೇಲೆಲ್ಲ ಹಂದಿಯ ಚೂರು. ಡಾಕ್ಟರ್ ಲಿನ್ ಬಹಳ ಸಮಾಧಾನದಿಂದ, ಇದು ಮಾಂಸವಲ್ಲ, ರುಚಿಗೆ ಹಾಕಿದ್ದು ಎಂದರು. ನಾನು ಗೌಡರ ಮನೆಯವಳು, ನನಗೇನೂ ತೊಂದರೆಯಿರಲಿಲ್ಲ, ಎರಡೂ ತಟ್ಟೆ ನಾನೇ ಖಾಲಿ ಮಾಡಿದೆ. ಮೇಷ್ಟ್ರು ಬರೀ ಅನ್ನ ತರಿಸಿ, ಚಟ್ನಿಪುಡಿ ಹಾಕಿ, ಕೈಯಲ್ಲಿ ಕಲಸಿ ತಿಂದರು. ಬಡಿಸುವ ಹುಡುಗಿ ನಿಂತು ನೋಡಿದಳು. ಆಮೇಲೆ ಹೋಗಿ ಅಡುಗೆಯವನನ್ನು ಕರೆತಂದಳು. ಅವನು ಯಜಮಾನನನ್ನು ಕರೆತಂದ. ಮೂವರೂ ಸಾಲಾಗಿ ನಿಂತು, ಮೇಷ್ಟ್ರು ಕೊನೆಯ ಅಗುಳು ಮುಗಿಸಿ ಬೆರಳು ನೆಕ್ಕುವವರೆಗೂ ಅಲ್ಲಾಡಲಿಲ್ಲ.

ಒಂದು ವಿಷಯದಲ್ಲಿ ಅವರೂ ನಾವೂ ಒಂದೇ. ಅಲ್ಲಿ ಯಾರೂ ತಣ್ಣೀರು ಕುಡಿಯುವುದಿಲ್ಲ. ಎಲ್ಲೆಲ್ಲೂ ಬಿಸಿನೀರಿನ ಫ್ಲಾಸ್ಕು. ನಮ್ಮ ಅತಿಥಿಗೃಹದ ಕೋಣೆ ಕೋಣೆಗೂ ಬೆಳಿಗ್ಗೆ ಸಂಜೆ ಒಬ್ಬಾಕೆ ಕುದಿಯುವ ನೀರು ತುಂಬಿಸಿ ಇಟ್ಟು ಹೋಗುತ್ತಿದ್ದಳು. ಇದೊಂದು ನಾಗರಿಕ ದೇಶ ಎಂದು ಮೇಷ್ಟ್ರು ಅಲ್ಲೇ ತೀರ್ಮಾನಿಸಿ ಕಷಾಯದ ಡಬ್ಬಿ ಬಿಚ್ಚಿದರು.

ಸೀನಿನ ವಿಷಯದಲ್ಲಿ ಮಾತ್ರ ಜನ ಇನ್ನೂ ಹೆದರಿದ್ದರು. ಬಸ್ಸಿನಲ್ಲಿ ಒಬ್ಬ ಕೆಮ್ಮಿದರೆ ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಸೀನು ಬಂದವರು ಕಳ್ಳತನ ಮಾಡಿದವರಂತೆ ಅತ್ತಿತ್ತ ನೋಡುತ್ತಿದ್ದರು.

ಗುಹೆಗೆ ಹೊರಟ ಬೆಳಿಗ್ಗೆ

ಬಲೆ, ಕಂಬ, ಬಿಳಿ ಸೂಟುಗಳು, ಮಾದರಿ ಇಡುವ ಮಂಜುಗಡ್ಡೆ ಪೆಟ್ಟಿಗೆ ಎಲ್ಲ ಜೀಪಿಗೆ ಏರಿಸಿಯಾಯಿತು. ಹೊರಡುವ ಮುನ್ನ ಮೇಷ್ಟ್ರು ಸ್ನೇಹದಿಂದ ಕಷಾಯದ ಪುಡಿಯ ಡಬ್ಬಿ ತೆರೆದು ಡ್ರೈವರ್ ವುವಿನ ಮೂಗಿನ ಹತ್ತಿರ ಹಿಡಿದರು, ವಾಸನೆ ನೋಡಲಿ ಎಂದು. ಅವನು ಮರ್ಯಾದಸ್ಥ. ಆಳವಾಗಿ ಉಸಿರೆಳೆದುಕೊಂಡ. ಹೋಗಿ ಸ್ಟೀರಿಂಗ್ ಹಿಡಿದು, ಕೀಲಿ ತಿರುಗಿಸಿ, ಗಾಡಿ ಅಲ್ಲಾಡುವ ಹೊತ್ತಿಗೆ ಒಂದು ಸೀನು ಸೀನಿದ.

ಒಂದೇ ಒಂದು.

ಮೇಷ್ಟ್ರು ಬಾಗಿಲು ತೆಗೆದು ಕೆಳಗಿಳಿದರು. ಅತಿಥಿಗೃಹದ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು. ಹೊರಟಾಗ ಒಂಟಿ ಸೀನು ಬಂದರೆ ನಮ್ಮ ಕಡೆ ಯಾರು ತಾನೇ ಮುಂದಕ್ಕೆ ಹೆಜ್ಜೆ ಇಡುತ್ತಾರೆ? ಕೂತು, ನೀರು ಕುಡಿದು, ಸ್ವಲ್ಪ ತಡೆದು ಹೊರಡಬೇಕು. ಅಥವಾ ಸೀನಿದವರೇ ಇನ್ನೊಂದು ಸೀನಿ ಜೋಡಿ ಮಾಡಬೇಕು. ಜೋಡಿಯಾದರೆ ದೋಷವಿಲ್ಲ.

ನಾನು ಮೆತ್ತಗೆ, "ಸಾರ್, ನಾವು ವಿಜ್ಞಾನಿಗಳು" ಎಂದೆ.

"ವಿಜ್ಞಾನ ಲ್ಯಾಬಲ್ಲಿ ಕಣಮ್ಮ. ಹೊರಡೋದು ಬೀದೀಲಿ" ಎಂದರು. "ಈ ಕೆಲಸ ನಂಗೆ ಇನ್ನೊಂದು ಸಲ ಸಿಗಲ್ಲ. ಕೆಡಬಾರದು. ಅವನು ಇನ್ನೊಂದು ಸೀನಿಬುಡ್ಲಿ, ಹೋಗುವ."

ಇನ್ನೊಂದು ಸೀನು ಬರುವುದರಲ್ಲಿತ್ತು. ವುವಿನ ಮುಖದಲ್ಲೇ ಕಾಣುತ್ತಿತ್ತು. ಆದರೆ ಆ ಊರಿನಲ್ಲಿ, ಆ ಕಾಲದಲ್ಲಿ, ಮೂವರು ವಿಜ್ಞಾನಿಗಳ ಎದುರು ಎರಡನೇ ಸಲ ಸೀನುವ ಧೈರ್ಯ ಯಾರಿಗಿದೆ? ಅವನು ಮೂಗು ಹಿಂಡಿಕೊಂಡ, ಉಸಿರು ಕಟ್ಟಿದ, ಕಣ್ಣಲ್ಲಿ ನೀರು ತುಂಬಿಕೊಂಡು ಬದನೆಕಾಯಿಯಂತಾದ. ಮೇಷ್ಟ್ರು ಮೆಟ್ಟಿಲ ಮೇಲಿಂದ ತಲೆಯಾಡಿಸುತ್ತಾ, ಬರಲಿ, ಬರಲಿ ಎಂದು ಕೈಯಲ್ಲೇ ಉತ್ಸಾಹ ತುಂಬಿದರು. ಒಬ್ಬರು ಸೀನಿಸುವ ಹಟ, ಇನ್ನೊಬ್ಬರು ಸೀನದಿರುವ ಹಟ. ಕೊನೆಗೆ ವು ಗೆದ್ದ.

ಏನಾಯಿತು, ಯಾಕೆ ಇಳಿದರು ಎಂದು ಡಾಕ್ಟರ್ ಲಿನ್ ನನ್ನನ್ನು ಕೇಳಿದರು. ಶಕುನ ಎಂದು ಹೇಳಲು ನನಗೆ ನಾಚಿಕೆಯಾಯಿತು. ಡ್ರೈವರ್ ಸೀನಿದರಲ್ಲ, ಅದಕ್ಕೆ, ಎಂದೆ. ಮಾತು ನಿಜವೇ. ಡಾಕ್ಟರ್ ಲಿನ್ ಮುಖ ಗಂಭೀರವಾಯಿತು. ನಾವೇ ನಿಯಮ ಮರೆತೆವು, ದೂರದಿಂದ ಬಂದ ನೀವು ನೆನಪಿಸಿದಿರಿ, ಭಾರತದವರು ಎಷ್ಟು ಜಾಗರೂಕರು ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮೇಲಧಿಕಾರಿಗೆ ಫೋನು ಮಾಡಿದರು. ಗುಹೆಗೆ ಹೋಗುವ ತಂಡದಲ್ಲಿ ಒಬ್ಬರಿಗೆ ನೆಗಡಿ ಕಂಡರೂ ಎಲ್ಲರೂ ಕೋಣೆಯಲ್ಲಿರಬೇಕು, ಎಲ್ಲರ ಜ್ವರ ನೋಡಿ ಸರಿಯಿದ್ದರೆ ಮಾತ್ರ ಬಿಡಬೇಕು ಎಂಬುದು ಅಲ್ಲಿನ ನಿಯಮ. ನಮ್ಮನ್ನೆಲ್ಲ ಬೇರೆ ಬೇರೆ ಕೋಣೆಗೆ ಹಾಕಿ ಬಾಗಿಲು ಎಳೆದರು. ವು ತನ್ನ ಕೋಣೆಗೆ ಹೋಗುವಾಗ ಮೇಷ್ಟ್ರನ್ನು ನೋಡಿದ ನೋಟಕ್ಕೆ ಭಾಷಾಂತರ ಬೇಕಿರಲಿಲ್ಲ.

ಅತಿಥಿಗೃಹದ ಬಾಲ್ಕನಿ

ನನ್ನ ಕೋಣೆ, ಮೇಷ್ಟ್ರ ಕೋಣೆ ಅಕ್ಕಪಕ್ಕ. ಬಾಲ್ಕನಿಯಲ್ಲಿ ನಿಂತರೆ ನಡುವಿನ ಗೋಡೆಯ ಆಚೆಯಿಂದ ಅವರ ದನಿ ಕೇಳುತ್ತಿತ್ತು. ಬೆಳಿಗ್ಗೆ ಸಂಜೆ ಮುಖ ಮುಚ್ಚಿಕೊಂಡ ನರ್ಸೊಬ್ಬಳು ಬಾಗಿಲ ಹೊರಗೆ ತಟ್ಟೆಯಲ್ಲಿ ಥರ್ಮಾಮೀಟರ್ ಇಟ್ಟು, ಬಾಗಿಲು ತಟ್ಟಿ, ದೂರ ಹೋಗಿ ನಿಲ್ಲುತ್ತಿದ್ದಳು. ನಾವು ಜ್ವರ ನೋಡಿಕೊಂಡು ವಾಪಸು ಇಡಬೇಕು. ಅವಳು ಅದನ್ನು ಓದಿ ಬರೆದುಕೊಂಡು, ಸ್ಪಿರಿಟ್ಟಿನಲ್ಲಿ ಒರೆಸಿ, ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು.

ವುಗೆ ಜ್ವರವಿಲ್ಲ. ನನಗಿಲ್ಲ. ಡಾಕ್ಟರ್ ಲಿನ್‌ಗೂ ಇಲ್ಲ. ಮೇಷ್ಟ್ರಿಗೆ ಜ್ವರ.

ಸಂಜೆ ಮತ್ತೆ ನೋಡಿದರು. ಮೇಷ್ಟ್ರಿಗೆ ಇನ್ನೂ ಜಾಸ್ತಿ. ಮಾರನೇ ಬೆಳಿಗ್ಗೆಯೂ ಅಷ್ಟೇ. ನರ್ಸು ಎರಡೆರಡು ಮುಸುಕು ಹಾಕಿಕೊಂಡು ಬರತೊಡಗಿದಳು. ಫೋನಿನಲ್ಲಿ ಡಾಕ್ಟರ್ ಲಿನ್ ದನಿ ಸಣ್ಣದಾಗುತ್ತಾ ಹೋಯಿತು. ಹೀಗೇ ಇದ್ದರೆ ಮೇಷ್ಟ್ರನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಗುಹೆಯ ಅನುಮತಿಯೂ ಮುಗಿಯುತ್ತಾ ಬಂತು, ನಾಳೆ ಸಂಜೆಯೇ ಕೊನೆ ಎಂದರು. ಸಾರ್ಸ್ ಕಾಯಿಲೆಯ ಮೂಲ ಹುಡುಕಲು ಬಂದ ನಮ್ಮ ಮೇಷ್ಟ್ರಿಗೆ ಇಲ್ಲಿ ಸಾರ್ಸೇ ಬಂದುಬಿಟ್ಟರೆ ಅವರ ಹೆಂಡತಿಗೆ ಏನು ಹೇಳಲಿ?

ಗೋಡೆಯ ಆಚೆಗೆ ಕೂಗಿ ಹೇಗಿದ್ದೀರಿ ಎಂದು ಕೇಳಿದೆ. "ಕಲ್ಲುಗುಂಡಿನಂಗಿದ್ದೀನಿ ಕಣಮ್ಮ. ಜ್ವರ ಹತ್ರಾನೂ ಸುಳೀಬಾರದು ಅಂತ ಆ ಹುಡುಗಿ ಬಾಗ್ಲು ತಟ್ಟೋ ಹೊತ್ತಿಗೆ ಸರಿಯಾಗಿ ಒಂದು ಲೋಟ ಕಷಾಯ ಕುಡಿದುಬುಡ್ತೀನಿ, ಬಿಸಿಬಿಸೀದು" ಎಂದರು.

ಇಷ್ಟಾದರೂ ನನ್ನ ತಲೆಗೆ ಹೊಳೆಯಲಿಲ್ಲ. ಎಂ.ಎಸ್ಸಿ. ಓದಿದ್ದೇನೆ, ಪಿಎಚ್.ಡಿ. ಮಾಡಿದ್ದೇನೆ, ಹೊಳೆಯಲಿಲ್ಲ. ಎದುರುಗಡೆ ಕಿಟಕಿಯಲ್ಲಿ ಡ್ರೈವರ್ ವು ಬನಿಯನ್ನು ಹಾಕಿಕೊಂಡು ಟಿವಿ ನೋಡುತ್ತಾ ಕೂತಿದ್ದ. ಅವನ ಕಂಕುಳಲ್ಲಿ ಏನೋ ಹೊಳೆಯಿತು. ಕಣ್ಣು ಕಿರಿದು ಮಾಡಿ ನೋಡಿದೆ. ಥರ್ಮಾಮೀಟರ್. ಅದನ್ನು ಕಂಕುಳಿಂದ ತೆಗೆದು, ತಟ್ಟೆಯಲ್ಲಿಟ್ಟು, ಬಾಗಿಲ ಹೊರಗಿಟ್ಟ. ನರ್ಸು ಒರೆಸಿದಳು. ತಟ್ಟೆ ಹಿಡಿದುಕೊಂಡು ನಮ್ಮ ಕಡೆಗೆ ಬರತೊಡಗಿದಳು.

ನಮ್ಮ ಮೈಸೂರಿನಲ್ಲಿ ಥರ್ಮಾಮೀಟರ್ ಕೊಟ್ಟರೆ ನಾಲಗೆ ಕೆಳಗೆ ಇಟ್ಟುಕೊಳ್ಳುತ್ತೇವೆ. ಹುಟ್ಟಿದಾಗಿನಿಂದ ಹಾಗೆಯೇ. ಬೇರೆ ಕಡೆ ಇಡಬೇಕೇ ಎಂದು ಕೇಳುವ ಯೋಚನೆಯೂ ಬಂದಿರಲಿಲ್ಲ. ಆಗಲೇ ಜ್ವರದ ಗುಟ್ಟೂ ಬಿಚ್ಚಿಕೊಂಡಿತು. ಕುದಿಯುವ ಕಷಾಯ ಕುಡಿದ ಬಾಯಿಗೆ ಥರ್ಮಾಮೀಟರ್ ಇಟ್ಟರೆ ಪಾದರಸ ಏರದೆ ಇನ್ನೇನು ಮಾಡುತ್ತದೆ?

ಗೋಡೆಯ ಆಚೆಗೆ ಹೇಳಿದೆ.

"ಕಂಕುಳಾ?" ಎಂದರು ಮೇಷ್ಟ್ರು.

"ಹೂಂ ಸಾರ್."

"ಎಲ್ಲಾರ್ಗೂ ಅದೊಂದೇನಾ?"

"ಮೊದಲು ವು, ಆಮೇಲೆ ನಾನು, ಆಮೇಲೆ ನೀವು ಸಾರ್."

ಆಮೇಲೆ ಕೇಳಿಸಿದ್ದು ಬಾಯಿ ಮುಕ್ಕಳಿಸುವ ಸದ್ದು. ಫ್ಲಾಸ್ಕು ಖಾಲಿಯಾಗುವವರೆಗೆ ಅದು ನಿಲ್ಲಲಿಲ್ಲ. ಹಂದಿಯ ಚೂರು ಸೋಕಿದ ಪಲ್ಯವನ್ನು ದೂರ ತಳ್ಳಿದ್ದ ನಮ್ಮ ಮೇಷ್ಟ್ರ ಬಾಯಲ್ಲಿ ಎರಡು ದಿನ ಡ್ರೈವರಿನ ಕಂಕುಳಿನ ಪ್ರಸಾದ.

ಡಾಕ್ಟರ್ ಲಿನ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ವಿಜ್ಞಾನಿ, ಬರೀ ಮಾತು ನಂಬುವವರಲ್ಲ. ಮೇಷ್ಟ್ರಿಗೆ ನರ್ಸಿನ ಕಣ್ಣೆದುರೇ ಕಂಕುಳಲ್ಲಿ ಥರ್ಮಾಮೀಟರ್ ಇಡಿಸಿದರು. ಜ್ವರವಿಲ್ಲ. ಆಮೇಲೆ ಕಷಾಯದ ಪುಡಿ ತರಿಸಿಕೊಂಡು ತಾವೇ ಒಂದು ಲೋಟ ಕುಡಿದು ಹೊಸ ಥರ್ಮಾಮೀಟರನ್ನು ಬಾಯಿಗಿಟ್ಟುಕೊಂಡರು. ಜ್ವರ. ಅವರು ಫೋನಿನಲ್ಲಿ ನಗಲು ಶುರುಮಾಡಿ, ನಕ್ಕು ನಕ್ಕು ಕೆಮ್ಮು ಬಂದು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಹೆದರಿ ರಿಸೀವರ್ ಇಟ್ಟುಬಿಟ್ಟರು.

ಮಾರನೇ ಮಧ್ಯಾಹ್ನ ಮೇಲಧಿಕಾರಿ ನಮ್ಮನ್ನು ಬಿಟ್ಟ ಮೇಲೆ, ಒಂಟಿ ಸೀನಿನ ನಿಜವನ್ನೂ ಡಾಕ್ಟರ್ ಲಿನ್‌ಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ನಮ್ಮಜ್ಜಿಯ ಪ್ರಕಾರ ಒಂದು ಸೀನು ಬಂದರೆ ಯಾರೋ ನಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ ಎಂದು ಅರ್ಥ ಎಂದರು. ನಮ್ಮಲ್ಲಿ ಆ ಕೆಲಸಕ್ಕೆ ಬಿಕ್ಕಳಿಕೆ ಇದೆ ಎಂದೆ.

ಗುಹೆಯ ಬಾಯಿ

ಉಳಿದಿದ್ದು ಒಂದೇ ಸಂಜೆ. ಬೇರೆ ಬೇರೆ ಮೂಲೆಯಲ್ಲಿ ಬಲೆ ಕಟ್ಟಿ ಬೇಕಾದಷ್ಟು ಬಾವಲಿಗಳನ್ನು ನೋಡಬೇಕು ಎಂದುಕೊಂಡಿದ್ದೆವು. ಈಗ ಗುಹೆಯ ಬಾಯಿಗೆ ಒಂದೇ ಒಂದು ಬಲೆ ಕಟ್ಟುವಷ್ಟು ಹೊತ್ತಿತ್ತು.

ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಎರಡು ಜೊತೆ ಕೈಗವಸು, ಮುಸುಕು, ದೊಡ್ಡ ಕನ್ನಡಕ. ಮೇಷ್ಟ್ರ ಸ್ವಂತ ಕನ್ನಡಕ ಒಳಗೆ ಮಂಜಾಯಿತು. ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗಿಳಿಯಿತು. ಒರೆಸಿಕೊಳ್ಳುವಂತಿಲ್ಲ. ಬೆಟ್ಟದ ದಾರಿಯಲ್ಲಿ ವು ಅವರ ಕೈ ಹಿಡಿದು ನಡೆಸಿಕೊಂಡು ಹೋದ. ಕೋಪ ಇನ್ನೂ ಇತ್ತು, ಆದರೂ ಕೈ ಬಿಡಲಿಲ್ಲ. ಮೇಷ್ಟ್ರು ಅವನಿಗೆ ಕನ್ನಡದಲ್ಲಿ ಕ್ಷಮೆ ಕೇಳುತ್ತಲೇ ಹತ್ತಿದರು.

ಹೊತ್ತು ಮುಳುಗಿದ ಮೇಲೆ ಅವು ಬಂದವು. ಮೊದಲು ಒಂದೆರಡು, ಆಮೇಲೆ ಹೊಗೆಯಂತೆ. ಬಲೆ ತುಯ್ದಾಡಿತು. ಮೇಷ್ಟ್ರು ಅದುವರೆಗೆ ಮುಗ್ಗರಿಸುತ್ತಿದ್ದವರು ಬಲೆಯ ಹತ್ತಿರ ಹೋದ ಕೂಡಲೇ ಬೇರೆಯೇ ಮನುಷ್ಯರಾದರು. ಮೊದಲು ಕಾಲು ಬಿಡಿಸಿದರು, ಆಮೇಲೆ ಒಂದು ರೆಕ್ಕೆ, ಆಮೇಲೆ ತಲೆ. ಅಂಗೈಯಲ್ಲಿ ಹೆಬ್ಬೆರಳಿನಷ್ಟು ಮೈಯ ಒಂದು ಜೀವ. ಮೂಗಿನ ಮೇಲೆ ಯಾರೋ ತುಳಿದು ಹೋದಂಥ ಲಾಳ, ಎಂಥ ಕುರೂಪಿ ಎನ್ನಬೇಕು. ಮೇಷ್ಟ್ರು ಮುಸುಕಿನೊಳಗಿಂದ ಅದಕ್ಕೆ, "ಬಾರವ್ವ, ಏನೂ ಮಾಡಲ್ಲ. ಬಾಯಿ ಒಂಚೂರು ತೆಗಿ, ಅಷ್ಟೇ" ಎನ್ನುತ್ತಿದ್ದರು. ಡಾಕ್ಟರ್ ಲಿನ್ ಹತ್ತಿ ಸುತ್ತಿದ ಕಡ್ಡಿಯನ್ನು ಅದರ ಗಂಟಲಿಗೆ ಸೋಕಿಸಿ ಕೊಳವೆಗೆ ಹಾಕಿದರು. ನಾನು ಹಿಕ್ಕೆ ಹೆಕ್ಕಿದೆ. ಬಿಟ್ಟ ಕೂಡಲೇ ಅದು ಹಾರಿಹೋಯಿತು.

ಸಿಕ್ಕಿದ್ದು ಒಂದು ಸಣ್ಣ ಪೆಟ್ಟಿಗೆಯಷ್ಟು. ಜೀಪು ಹತ್ತುವಾಗ ಮೇಷ್ಟ್ರು, "ಇದ್ರಲ್ಲೇ ಇರುತ್ತೆ ಬುಡು" ಎಂದರು.

ವಿದ್ಯಾರಣ್ಯಪುರಂ

ಮರುವರ್ಷ ಸುದ್ದಿ ಬಂತು. ಲಾಳಮೂಗಿನ ಬಾವಲಿಗಳಲ್ಲಿ ಸಾರ್ಸ್ ವೈರಸ್ಸಿನ ಹತ್ತಿರದ ನೆಂಟರು ಇದ್ದಾರೆ ಎಂದು ಬೇರೆ ವಿಜ್ಞಾನಿಗಳು, ಬೇರೆ ಗುಹೆಗಳಿಂದ ಕಂಡುಹಿಡಿದಿದ್ದರು. ಅದೇ ವಾರ ಡಾಕ್ಟರ್ ಲಿನ್ ನನಗೆ ಇಮೇಲ್ ಮಾಡಿದ್ದರು. ನಮ್ಮ ಕೊಳವೆಗಳಲ್ಲಿ ಏನೂ ಸಿಗಲಿಲ್ಲ.

ಮೊಪೆಡ್ಡಿನಲ್ಲಿ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೊದಲು ಕೆಟ್ಟ ಸುದ್ದಿ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಒಳ್ಳೆಯದನ್ನು ಹೇಳಿದೆ. ಕಾಯಿ ಕೆಳಗಿಟ್ಟರು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಆ ಎರಡು ದಿನ ಕೋಣೆಯಲ್ಲಿ ಕೂರದಿದ್ದರೆ ನಮಗೂ ಸಿಗುತ್ತಿತ್ತೇನೋ, ಅಷ್ಟು ವರ್ಷ ಹೇಳಿದವರು ನೀವು, ಈಗ ನಿಮ್ಮ ಹೆಸರು ಯಾರೂ ಹೇಳುವುದಿಲ್ಲ ಎಂದು ಒಂದೇ ಉಸಿರಿಗೆ ಅಂದುಬಿಟ್ಟೆ.

"ಸಿಕ್ಕಿದ್ದು ಬಾವಲೀಲೇ ತಾನೇ?" ಎಂದು ಕೇಳಿದರು.

"ಹೌದು ಸಾರ್."

ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು, ನೋಡೇ, ನಾನು ಹೇಳಿದ್ದೇ ಸರಿಯಾಯಿತು ಎಂದು. ಯಾವುದು ಎಂದು ಆಕೆ ಅಡುಗೆಮನೆಯಿಂದಲೇ ಕೇಳಿದರು. ಮೇಷ್ಟ್ರು ಜೋರಾಗಿ ನಕ್ಕರು. ನಗು ನಿಂತ ಮೇಲೆ ಅವರೆಕಾಯಿ ಕೈಗೆತ್ತಿಕೊಂಡು ಹಾಗೇ ಕೆಳಗಿಟ್ಟರು. ಮುಖ ಮೆಲ್ಲಗೆ ಬಾಡಿತು.

"ಪುನುಗು ಬೆಕ್ಕು ಕೊಂದಂಗೆ ಈಗ ಬಾವಲೀನೂ ಕೊಲ್ತಾರೇನಮ್ಮ?"

ನನಗೆ ಸುಳ್ಳು ಹೇಳಲಾಗಲಿಲ್ಲ. ಕೊಲ್ಲಬಹುದು ಸಾರ್ ಎಂದೆ.

"ಅಂಗಾದ್ರೆ ಆ ಲಿನ್ ಅಮ್ಮನಿಗೆ ಈಗ್ಲೇ ಬರೆದುಬುಡು," ಎಂದರು. "ನಮ್ಮ ಗುಹೇಲಿ ಏನೂ ಸಿಗಲಿಲ್ಲ ಅಂತ ಆ ಊರಿನವರಿಗೆಲ್ಲ ಗಟ್ಟಿಯಾಗಿ ಹೇಳ್ಲಿ."